ಬಾಗಿಲು ತೆಗೆಯುವವರು ಯಾರು

ಆ ಸಮಾಜ ಕಾರ್ಯಕರ್ತೆಯನ್ನು ಕಚೇರಿಯವರೆಲ್ಲ ಪ್ರಶ್ನೆಯಮ್ಮ ಎಂದೇ ಕರೆಯುತ್ತಿದ್ದರು. ದೇವರು ಯಾರನ್ನೂ ಬಿಡಿಯಾಗಿ ಕಳಿಸಿಲ್ಲ, ಒಬ್ಬರಿಗೊಬ್ಬರನ್ನು ಗಂಟು ಹಾಕಿಯೇ ಕಳಿಸಿದ್ದಾನೆ ಎಂದು ನಂಬಿದ ಹೆಂಗಸು. ಎಲ್ಲಿ ಮುಟ್ಟಿದರೆ ಎಲ್ಲಿ ಅಲುಗೀತು ಎಂಬ ಕುತೂಹಲ ಅವಳಿಗೆ ಹಸಿವಿಗಿಂತ ಹೆಚ್ಚು.

"ನಾಲ್ಕನೇ ಮಹಡಿ ಹುಡುಗಿ ಶಾಲೆ ತಪ್ಪಿಸ್ತಾನೇ ಇದ್ದಾಳೆ. ತಾಯಿಗೆ ಜವಾಬ್ದಾರಿ ಇಲ್ಲ. ನಾಳೆ ಬಾಲಮಂದಿರಕ್ಕೆ ಸೇರಿಸೋದೇ," ಎಂದರು ಮೇಲಧಿಕಾರಿ.

"ಇವತ್ತೊಂದಿನ ಕೊಡಿ ಸಾರ್."

"ಕೊಟ್ಟೆ. ಮತ್ತೆ ಹೊರೆ ಪ್ರಶ್ನೆ ಹೊತ್ಕೊಂಡು ಬರಬೇಡಿ ತಾಯಿ!"

ಹುಡುಗಿಯ ಮನೆಯಲ್ಲಿದ್ದವರು ಕಾಲಿನ ಹುಣ್ಣಿನಿಂದ ಏಳಲಾರದ ಅಜ್ಜಿ, ಬಾಯಿಗೆ ಬೀಗ ಹಾಕಿಕೊಂಡ ಮೊಮ್ಮಗಳು. ತಾಯಿ ಬೆಳಕು ಹರಿಯುವ ಮೊದಲೇ ಬೇಕರಿ ಕೆಲಸಕ್ಕೆ ಹೋಗಿದ್ದಳು. ಶಾಲೆಗೇಕೆ ಹೋಗಲ್ಲ ಎಂದು ಕೇಳಿ ಕೇಳಿ ಎಲ್ಲರೂ ಸೋತಿದ್ದರು. ಪ್ರಶ್ನೆಯಮ್ಮ ಹಾಗೆ ಕೇಳಲಿಲ್ಲ.

"ಪುಟ್ಟಿ, ನೀನು ಶಾಲೆಗೆ ಹೋದ ದಿನ ಈ ಮನೇಲಿ ಏನಾಗುತ್ತೆ?"

ಹುಡುಗಿ ತಲೆ ಎತ್ತಿದಳು. "ಹುಣ್ಣಿಗೆ ಪಟ್ಟಿ ಕಟ್ಟೋ ನರ್ಸಮ್ಮ ಹನ್ನೊಂದು ಗಂಟೆಗೆ ಬಂದು ಬಾಗಿಲು ಬಡಿದೂ ಬಡಿದೂ ವಾಪಸ್ ಹೋಗ್ತಾರೆ. ಹೊರಗಿಂದ ಬೀಗ ಹಾಕದೆ ಇರೋಕೂ, ಗುರುತಿಲ್ಲದವರ ಕೈಗೆ ಕೀಲಿ ಕೊಡೋಕೂ ಅಜ್ಜಿಗೆ ಭಯ."

"ಮೊದಲು ಯಾರು ತೆಗೀತಿದ್ರು?"

"ಪಕ್ಕದ ಮನೆ ಟೈಲರಕ್ಕ. ಒಂದು ಕೀಲಿ ಅವರ ಹತ್ರಾನೇ ಇದೆ. ಈಗ ಕೆಲಸಕ್ಕೆ ಹೋಗ್ತಾರೆ. ಹೇಳಿದ್ರೆ ನೀವು ಅವರ ಕೆಲಸ ಬಿಡಿಸಿಬಿಡ್ತೀರ."

ಟೈಲರಕ್ಕನಿಗೆ ಆ ಕೆಲಸ ಕೊಡಿಸಿದ್ದು ಪ್ರಶ್ನೆಯಮ್ಮನ ಕಚೇರಿಯೇ! ಅಲ್ಲಿ ಹಚ್ಚಿದ ದೀಪದ ನೆರಳು ಇಲ್ಲಿ ಬಿದ್ದಿತ್ತು.

"ಅಜ್ಜಿ, ನರ್ಸಮ್ಮ ಬೆಳಗ್ಗೆ ಬೇಗ ಬಂದ್ರೆ? ನಿಮಗೇನಾಗುತ್ತೆ?"

ನಿಮಗೇನಾಗುತ್ತೆ ಎಂದು ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಹೊದಿಕೆಯ ಅಂಚು ಹಿಂಡುತ್ತಾ, "ಆಮೇಲೆ ಇಡೀ ದಿನ ಗೋಡೆ ಮುಖ ನೋಡ್ಬೇಕು ಕಣಮ್ಮ," ಎಂದಳು. "ನಡುವೆ ಒಬ್ಬರು ಬಂದ್ರೆ ದಿನ ಎರಡು ತುಂಡಾಗುತ್ತೆ. ನುಂಗೋಕೆ ಸುಲಭ."

"ಟೈಲರಕ್ಕ ಮಧ್ಯಾಹ್ನ ಉಣ್ಣೋಕೆ ಮನೆಗೇ ಬರ್ತಾರಲ್ಲ!" ಎಂದಳು ಹುಡುಗಿ, ತಾನೇ ಬೆರಗಾಗಿ.

ಮಧ್ಯಾಹ್ನ ಬಂದ ಟೈಲರಕ್ಕ ವಿಷಯ ಕೇಳಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಆ ಹೊತ್ತಿಗೆ ಬಾಗಿಲು ತೆಗೆಯೋಕೇನು, ಇಲ್ಲೇ ಕೂತು ಉಣ್ತೀನಿ. ಆದ್ರೆ ಮುದುಕಿ ನನ್ನ ಅಡುಗೆಗೆ ಹೆಸರಿಡಬಾರದು!"

"ಉಪ್ಪು ಹಾಕೋದು ಕಲಿ, ಹೆಸರು ಯಾಕೆ ಇಡ್ತೀನಿ?" ಎಂದಳು ಅಜ್ಜಿ.

ಪ್ರಶ್ನೆಯಮ್ಮ ನರ್ಸಿಗೆ ಫೋನ್ ಮಾಡಿ ಊಟದ ಹೊತ್ತಿಗೆ ಬರಲು ಒಪ್ಪಿಸಿದಳು, ಆಮೇಲೆ ಮೇಲಧಿಕಾರಿಗೆ ಫೋನ್ ಮಾಡಿದಳು.

"ನರ್ಸಿನ ವೇಳೆ ಬದಲಿಸಿದ್ರೆ ಸಾಕಾ?" ಅವರಿಗೆ ನಂಬಿಕೆ ಬರಲಿಲ್ಲ.

"ಗೊತ್ತಿಲ್ಲ ಸಾರ್. ಮಾಡಿ ನೋಡೋಣ."

"ಸರಿ. ಬಾಲಮಂದಿರದ ಮಾತು ಸದ್ಯಕ್ಕೆ ಬೇಡ."

ಹುಡುಗಿ ಆಗಲೇ ಮಂಚದಡಿಯಿಂದ ಶಾಲೆಯ ಶೂ ಎಳೆದು ಕಾಲು ತೂರಿಸುತ್ತಿದ್ದಳು. "ಅಜ್ಜೀ, ಬಿಗಿಯಾಗಿದೆ!"

"ಶೂ ಹಿಮ್ಮಡಿ ತುಳ್ಕೊಂಡು ನಡಿಯೇ, ನಾಳೆ ಒಂದಿನ!"