ಬಂಗುಡೆಯ ಮುಳ್ಳು

ತುಳಸಿ ಎಲೆಯಿಂದ ತೀರಿಕೊಂಡ ಜಯನ ಬಾಯಿಗೆ ನೀರು ಬಿಡಲು ಬಗ್ಗಿದ ಕಿನ್ನಿಯ ಕೈಯನ್ನು ಅವಳ ಅತ್ತೆ ಗಿರಿಜಕ್ಕ ತಡೆದರು.

"ಮೀನು ತಿನ್ನಿಸಿ ಪಥ್ಯ ಕೆಡಿಸಿದ ಕೈ ಇದು. ಇದರ ನೀರು ನನ್ನ ಮಗನಿಗೆ ಬೇಡ."

ಮಣ್ಣಗುಡ್ಡದ ಆ ಸಣ್ಣ ಮನೆಯಲ್ಲಿ ಜನ ನೆರೆದಿದ್ದರು. ಜಯನ ತಮ್ಮ ಮುಖೇಶ್, "ಎಂತ ಅಮ್ಮ ಇದು," ಎಂದು ಮುದುಕಿಯನ್ನು ಮೆಲ್ಲನೆ ಬದಿಗೆ ಸರಿಸಿದ. ಕಿನ್ನಿ ನೀರು ಬಿಟ್ಟಳು. ಅದು ಗಂಡನ ತುಟಿಯಿಂದ ಗಲ್ಲಕ್ಕೆ ಇಳಿಯಿತು. ಅತ್ತೆ ಹೇಳಿದ್ದನ್ನು ಅವಳೂ ನಂಬಿದ್ದಳು.

*

ಕಳೆದ ವರ್ಷ ಜಯನಿಗೆ ಕಾಮಾಲೆ ಬಂದಿತ್ತು. ಬಂದರಿನ ಧಕ್ಕೆಯಲ್ಲಿ ಮೀನಿನ ಹರಾಜು ನಡೆಸುವ, ಏಲಂ ಕೂಗುವವನು ಅವನು. ಕಣ್ಣಿನ ಹಳದಿ ಇಳಿದ ಮೇಲೂ ತಾಯಿ ಉಪ್ಪಿಲ್ಲದ ಗಂಜಿಯನ್ನೇ ಬಡಿಸುತ್ತಿದ್ದರು.

"ಇಡೀ ಊರಿಗೆ ಮೀನು ಹಂಚುವವ ನಾನು ಮಾರಾಯ್ತಿ. ನನಗೊಂದು ಬಂಗುಡೆ ಇಲ್ವಾ?" ಎಂದ ಹೆಂಡತಿಗೆ.

ಪಥ್ಯ ಮುಗಿಯುವ ಮೊದಲೇ ಕಿನ್ನಿ ಹುಳಿ, ಮೆಣಸು ಅರೆದು ಬಂಗುಡೆ ಪುಳಿಮುಂಚಿ ಮಾಡಿಕೊಟ್ಟಳು. ಅವನು ಬೆರಳು ನೆಕ್ಕಿ ತಿಂದ. ಒಂದೆರಡು ತಿಂಗಳಲ್ಲಿ ವಸಡಿನಿಂದ ರಕ್ತ, ಮೈಮೇಲೆ ನೀಲಿ ಕಲೆಗಳು. ಎಲುಬಿನೊಳಗೆ ರಕ್ತ ಹುಟ್ಟುವುದೇ ನಿಂತಿದೆ ಎಂದರು ಡಾಕ್ಟರು.

ಆಮೇಲೆ ಗಿರಿಜಕ್ಕ ಮನೆಯೊಳಗೆ ಮೀನು ತರಗೊಡಲಿಲ್ಲ. ಆಸ್ಪತ್ರೆಯ ಮಂಚದಲ್ಲಿ ಅವನು "ಒಂದು ತುಂಡು ಸಾಕು" ಎಂದಾಗಲೆಲ್ಲ ಕಿನ್ನಿ ಹೆದರಿ ಗಂಜಿಯನ್ನೇ ಕುಡಿಸಿದ್ದಳು. ಕೊನೆಯ ದಿನವೂ.

*

ಗಂಡಸರು ಬೋಳೂರಿನ ಸ್ಮಶಾನದಿಂದ ಬಂದು ಮಿಂದಾಗ ಮಧ್ಯಾಹ್ನ ಕಳೆದಿತ್ತು. ಒಲೆ ಹಚ್ಚದ ಮನೆಗೆ ನೆರೆಮನೆಯ ಬ್ರೆಂಡಾ ಗಂಜಿ, ಚಟ್ನಿ ತಂದಳು.

"ಜಯಣ್ಣ ಏಲಂ ಕೂಗಿದ್ರೆ ಐಸಿನಲ್ಲಿದ್ದ ಮೀನೂ ಬಾಲ ಅಲ್ಲಾಡಿಸ್ತಿತ್ತು," ಎಂದು ಬಡಿಸಿದಳು. ಮುಖೇಶ್ ನಗಲು ಹೋಗಿ ಮುಖ ಒರೆಸಿಕೊಂಡ.

ನರ್ಸಿಂಗ್ ಓದುತ್ತಿದ್ದ ಅವನ ಮಗಳು ತೃಷಾ ಅಜ್ಜಿಯ ಬದಿಯಲ್ಲಿ ಕುಳಿತಳು.

"ಅಜ್ಜಿ, ಡಾಕ್ಟರ್ ಹೇಳುವಾಗ ನಾನಿದ್ದೆ. ಮೀನಿನಿಂದ ಅಲ್ಲ. ಆ ಕಾಮಾಲೆ ತಂದ ವೈರಸ್ ಉಂಟಲ್ಲ, ಅದರಿಂದಲೇ ಇರಬೇಕಂತೆ. ಕಾಮಾಲೆ ಗುಣವಾದ ಮೇಲೆ, ತುಂಬ ಅಪರೂಪಕ್ಕೆ ಒಬ್ಬರಿಗೆ, ಮೈಯೇ ತನ್ನ ಎಲುಬಿನ ಮಜ್ಜೆಯ ಮೇಲೆ ತಿರುಗಿ ಬೀಳ್ತದೆ. ದೊಡ್ಡಪ್ಪ ಪಥ್ಯ ಮಾಡಿದ್ರೂ ಆಗ್ತಿತ್ತು."

"ಆಮೇಲೆ, ಆಸ್ಪತ್ರೆಯಲ್ಲಿ ಮೀನು ಕೊಟ್ಟಿದ್ರೆ?" ಗಿರಿಜಕ್ಕ ಕೇಳಿದರು.

"ಎಂತದೂ ಆಗ್ತಿರ್ಲಿಲ್ಲ. ಚೆನ್ನಾಗಿ ಬೇಯಿಸಿ ಕೊಡಿ ಅಂತಲೇ ಹೇಳಿದ್ರು. ನೀವು ಕೇಳ್ಲಿಲ್ಲ."

ಗೋಡೆಗೊರಗಿದ್ದ ಕಿನ್ನಿ ಎಷ್ಟೋ ತಿಂಗಳ ಮೇಲೆ ಪೂರ್ತಿ ಉಸಿರು ಬಿಟ್ಟಳು. ಗಿರಿಜಕ್ಕನ ಕೈ ಮಾತ್ರ ಬಟ್ಟಲಲ್ಲೇ ನಿಂತಿತು.

"ಹಾಗಾದ್ರೆ ನನ್ನ ಮಗ ಸುಮ್ಮನೆ ಆಸೆಪಟ್ಟು ಹೋದನಾ."

ಕಿನ್ನಿ ಎದ್ದು ಬಂದು ಅತ್ತೆಯ ಎದುರು ಕುಳಿತಳು.

"ಇಲ್ಲ ಮಾಮಿ. ಆಸ್ಪತ್ರೆಯಲ್ಲಿ ನಾನು ಕೊಟ್ಟಿದ್ದೇನೆ. ನಿಮಗೆ ಗೊತ್ತಾಗದ ಹಾಗೆ. ಬಂಗುಡೆ."

ಮುದುಕಿ ಅವಳ ಮುಖವನ್ನೇ ನೋಡಿದರು.

"ತಿಂದನಾ?"

"ಬೆರಳು ನೆಕ್ಕಿ ತಿಂದ್ರು."

"ಮುಳ್ಳು ತೆಗೆದು ಕೊಟ್ಟಿಯಾ? ವಸಡಿನಲ್ಲಿ ರಕ್ತ ಬರ್ತಿತ್ತಲ್ಲ ಅವನಿಗೆ."

"ಒಂದೊಂದೇ ತೆಗೆದೆ ಮಾಮಿ."

ಗಿರಿಜಕ್ಕ ತಲೆಯಾಡಿಸಿದರು. ಆರಿಹೋದ ಗಂಜಿಯಲ್ಲಿ ಅವರ ಎರಡು ಬೆರಳು ಮೆಲ್ಲನೆ ಆಡತೊಡಗಿದವು. ಅಗುಳುಗಳ ನಡುವಿನಿಂದ ಏನನ್ನೋ ಹೆಕ್ಕಿ ಹೆಕ್ಕಿ ಬಟ್ಟಲಿನ ಅಂಚಿಗೆ ಇಡುತ್ತಿದ್ದರು.