ಹಗಲು ಪಾಳಿಯ ಅಪ್ಪ

"ಒಂದೇ ಮನೆ, ಒಂದೇ ಅಪ್ಪ ಅಮ್ಮ, ಒಂದೇ ಶಾಲೆ. ನಾನು ಕಾಲೇಜಲ್ಲಿದ್ದೀನಿ, ನಮ್ಮಣ್ಣ ಸೋಫಾ ಹೊಲೀತಿದ್ದಾನೆ. ಸುತ್ತಮುತ್ತ ಎಷ್ಟೇ ಚೆನ್ನಾಗಿದ್ರೂ ತಲೇಲಿ ಏನಾದ್ರೂ ಇರಬೇಕಲ್ವಾ?"

ತಮ್ಮ ಹೀಗಂದದ್ದೇ ಅವನ ಗೆಳೆಯರು ಗೊಳ್ಳೆಂದರು. ಪಕ್ಕದಲ್ಲಿ ಕೂತಿದ್ದ ಅಪ್ಪನೂ ಮೀಸೆಯಡಿ ನಕ್ಕ. ಕೂದಲ ತುಂಬ ಸ್ಪಂಜಿನ ಪುಡಿ ಹೊತ್ತು ಆಗಷ್ಟೇ ಅಂಗಡಿಯಿಂದ ಬಂದ ನಾನು ಬಾಗಿಲಲ್ಲೇ ನಿಂತೆ.

ಅವನ ಕಾಲೇಜಿನ ಪಾಠದ ಪ್ರಕಾರ ಮಗು ಬೆಳೆಯುವುದು ಒಂದರೊಳಗೊಂದು ಕೂತ ವೃತ್ತಗಳ ನಡುವೆಯಂತೆ. ಅದನ್ನು ತನ್ನ ಬದುಕಿಗೇ ಹೊಂದಿಸಿ ತಮ್ಮ ಮರುದಿನ ತರಗತಿಯಲ್ಲಿ ಹೇಳಬೇಕಿತ್ತು. ಗೋಡೆಗೆ ಅಂಟಿಸಿದ ಹಾಳೆಯ ನಟ್ಟನಡುವೆ ಅವನು. ಸುತ್ತ ಮನೆ, ಶಾಲೆ. ಅದರಾಚೆ, ಮಗು ಕಾಲಿಡದಿದ್ದರೂ ಮಗುವನ್ನು ಮುಟ್ಟುವ ಜಾಗಗಳು. ಅಲ್ಲಿ ಬರೆದಿದ್ದ: 'ಅಪ್ಪನ ಗಿರಣಿ. ಹಗಲು ಪಾಳಿ. ಸಂಜೆ ಅಪ್ಪನ ತೊಡೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದೆ.'

ಆ ಸಾಲನ್ನು ಎರಡು ಸಲ ಓದಿದೆ.

ನನ್ನ ಕಾಲಕ್ಕೆ ಅಪ್ಪನದು ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ನಲ್ಲಿಯ ಹನಿ ಸದ್ದಾಗದಿರಲೆಂದು ಅಮ್ಮ ಬಕೆಟ್ಟಿಗೆ ಬಟ್ಟೆ ಹಾಸುತ್ತಿದ್ದಳು. ಕುಕ್ಕರು ಕೂಗುವ ಮೊದಲೇ ಒಲೆ ಆರಿಸುತ್ತಿದ್ದಳು. ನಾನು ತುಟಿಯಾಡಿಸಿಯೇ ಓದಬೇಕು. ಒಮ್ಮೆ ಪದ್ಯ ಬಾಯಿಪಾಠ ಮಾಡುತ್ತ ದನಿ ಏರಿತು. ಎದ್ದು ಬಂದವನೇ ಅಪ್ಪ ಬಾರಿಸಿದ, ಪುಸ್ತಕ ಬೀದಿಗೆ ಹಾರಿತು. ಆಮೇಲೆ ಶಾಲೆಯಲ್ಲಿ ಎದ್ದು ನಿಂತು ಓದು ಅಂದರೂ ಗಂಟಲು ಕಟ್ಟುತ್ತಿತ್ತು. ಮೇಷ್ಟ್ರು ಮೂಗ ಅಂದರು, ಹುಡುಗರಿಗೆ ಅಷ್ಟೇ ಸಾಕಾಯಿತು. ಏಳನೇ ತರಗತಿ ಮುಗಿಯುವ ಮೊದಲೇ ಸೋಫಾ ಅಂಗಡಿ ಸೇರಿದೆ. ಅಲ್ಲಿ ದಿನವಿಡೀ ಮೊಳೆ ಹೊಡೆದರೂ ಯಾರೂ ಸುಮ್ಮನಿರು ಅನ್ನುತ್ತಿರಲಿಲ್ಲ.

ತಮ್ಮ ಶಾಲೆಗೆ ಸೇರುವ ಹೊತ್ತಿಗೆ ಪಾಳಿ ಬದಲಾಗಿತ್ತು. ಅವನ ಓದಿಗೆ ಅಪ್ಪ ತಲೆದೂಗುವುದನ್ನು ಹೊಸ್ತಿಲಾಚೆ ಚಪ್ಪಲಿ ಬಿಚ್ಚುತ್ತ ಅದೆಷ್ಟು ಸಂಜೆ ನೋಡಿದ್ದೇನೋ. ಅವನ ಕಾಲೇಜು ಹಾಳಾಗಿ ಹೋಗಲಿ, ನನಗೆ ಬೇಕಿದ್ದದ್ದು ಆ ತೊಡೆ.

ಗೆಳೆಯರಲ್ಲಿ ಒಬ್ಬಳು ಮಾತ್ರ ನಗು ನಿಲ್ಲಿಸಿ ಹಾಳೆಯನ್ನೇ ನೋಡುತ್ತಿದ್ದಳು. ನನ್ನ ಕಡೆ ತಿರುಗಿದಳು.

"ಅಣ್ಣಾ, ನೀವು ಚಿಕ್ಕೋರಿದ್ದಾಗಲೂ ಅಪ್ಪಂದು ಹಗಲು ಪಾಳೀನೇ ಇತ್ತಾ?"

ಅಪ್ಪನ ನಗು ಅಲ್ಲೇ ನಿಂತಿತು. ಕೈ ಮಾತ್ರ ತಮ್ಮನ ಹೆಗಲ ಮೇಲೇ ಇತ್ತು. ನನ್ನನ್ನು ನೋಡಿದ. ಆ ನೋಟ ನನಗೆ ಗೊತ್ತು. ಮಂಚದಿಂದ ಅರ್ಧ ಎದ್ದು, ಸದ್ದು ಮಾಡಬೇಡ ಅನ್ನುತ್ತಿದ್ದ ನೋಟ.

ಚಪ್ಪಲಿ ಮೆಟ್ಟಿದೆ. ಮನೆಯೇ ಅದುರುವಂತೆ ಬಾಗಿಲು ಬಡಿಯಬೇಕೆಂದು ಹಿಡಿಕೆ ಹಿಡಿದೆ. ದರಿದ್ರ ಕೈ, ಅದು ತಾನಾಗಿಯೇ ಮೆಲ್ಲಗೆ, ಒಂದಿಷ್ಟೂ ಸದ್ದಾಗದ ಹಾಗೆ ಬಾಗಿಲು ಮುಚ್ಚಿತು. ಬೀದಿಗಿಳಿದು ನಡೆದೆ.