ಹಿಂದಕ್ಕೆ ತಿರುಗಿಸಬಾರದ ಗಡಿಯಾರ

ಕೀಚ್ ಎಂದು ಒಮ್ಮೆ. ಸ್ವಲ್ಪ ತಡೆದು ಇನ್ನೊಮ್ಮೆ. ಆಚೆ ಕೋಣೆಯಿಂದ, ಕಂಬಳಿಯೊಳಗಿಂದ ಬಂದಂಥ ಸಣ್ಣ ದನಿ. ದಿಂಬಿನಡಿಯ ಫೋನು ಅರಚುವ ಮೊದಲೇ ಮೆರೆರಿಡ್ ಎದ್ದು ಕೂತಿದ್ದಳು. ಮಗಳಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ಎರಡು ವರ್ಷಗಳಿಂದ ಅವಳ ನಿದ್ದೆ ಅಷ್ಟೇ ತೆಳು. ಪಕ್ಕದಲ್ಲಿ ಗಂಡ ಇಥೆಲ್ ಕದಲಲಿಲ್ಲ.

ಆಚೆ ಕೋಣೆಯಲ್ಲಿ ಏಳು ವರ್ಷದ ಮಾಬ್ಲಿಯ ಕುತ್ತಿಗೆ ಬೆವರಿನಿಂದ ಒದ್ದೆಯಾಗಿ ತಣ್ಣಗಿತ್ತು. ಸೊಂಟದ ಪಟ್ಟಿಯಲ್ಲಿ, ಹೊತ್ತಿಗೆ ತಕ್ಕಷ್ಟು ಇನ್ಸುಲಿನ್ನನ್ನು ತಾನಾಗಿ ಹನಿಸುವ ಪಂಪು ಕೀಚೆನ್ನುತ್ತ ಮಿನುಗುತ್ತಿತ್ತು. ಸಕ್ಕರೆ ಎರಡು ಪಾಯಿಂಟ್ ಆರು. ನಾಲ್ಕರ ಕೆಳಗೆ ಇಳಿಯಲೇಬಾರದು. ಮೆರೆರಿಡ್ ಪಂಪು ನಿಲ್ಲಿಸಿ, ಸೇಬಿನ ರಸದ ಪೊಟ್ಟಣಕ್ಕೆ ಸ್ಟ್ರಾ ಚುಚ್ಚಿ ಮಗುವನ್ನು ಎತ್ತಿ ಕೂರಿಸಿ ತುಟಿಗಿಟ್ಟಳು. ಮಗು ಹೀರಲಿಲ್ಲ. ಕಣ್ಣು ಅರೆತೆರೆದಿತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ.

"ಕುಡಿ ಪುಟ್ಟಿ. ಒಂದೇ ಒಂದ್ ಗುಟುಕು."

ಎಷ್ಟೋ ಹೊತ್ತಿನ ಮೇಲೆ ಗಂಟಲು ಅಲುಗಿತು. ಮತ್ತೊಮ್ಮೆ ಅಲುಗಿತು.

ರಸ ರಕ್ತಕ್ಕಿಳಿಯಲು ಹದಿನೈದು ನಿಮಿಷ ಬೇಕು. ಮಗುವನ್ನು ಎದೆಗೊರಗಿಸಿಕೊಂಡು ಅವಳು ಪಂಪಿನ ತೆರೆ ನೋಡಿದಳು. ಎರಡೂ ಇಪ್ಪತ್ತು. ಗಂಟೆ ಸರಿಯಾಗಿತ್ತು. ಅದರ ಪಕ್ಕದಲ್ಲಿ ಇರುವೆಯಷ್ಟು ಸಣ್ಣ ಅಕ್ಷರ: ಪಿಎಂ. ಕಿಟಕಿಯಾಚೆ ಸ್ಲೇಟು ಕಲ್ಲಿನ ಗುಡ್ಡಗಳ ಮೇಲೆ ಕಗ್ಗತ್ತಲೆ ಕವಿದಿತ್ತು.

ಪಂಪಿನ ಗಡಿಯಾರವನ್ನು ಮುಟ್ಟಿದವಳು ಅವಳೊಬ್ಬಳೇ.

ಅಕ್ಟೋಬರಿನ ಕೊನೆಯ ಶನಿವಾರ, ಚಳಿಗಾಲದ ಸಮಯಕ್ಕೆ ಹೊಂದಿಕೊಳ್ಳಲು ಊರೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಟ್ಟು ಮಲಗುವ ರಾತ್ರಿ. ಊರಿನ ಪ್ರಾರ್ಥನಾ ಮಂದಿರವಾದ ಚಾಪೆಲ್ಲಿನ ಗೋಪುರದ ಗಡಿಯಾರ ಇಥೆಲ್‌ನ ಜವಾಬ್ದಾರಿ. ಆ ಹಳೆಯ ಯಂತ್ರವನ್ನು ಹಿಂದಕ್ಕೆ ತಿರುಗಿಸಿದರೆ ಗಾಲಿಯ ಹಲ್ಲು ಮುರಿಯುತ್ತದೆ. ಲೋಲಕ ಹಿಡಿದು ನಿಲ್ಲಿಸಬೇಕು, ಗಂಟೆ ಕಳೆಯುವವರೆಗೆ ಕಾದು ಮತ್ತೆ ಬಿಡಬೇಕು. ಹನ್ನೊಂದೂವರೆಗೆ ಅವನು ಮನೆಗೆ ಬಂದಾಗ ಮೂಗು ಕೆಂಪಾಗಿತ್ತು. "ಒಂದ್ ಗಂಟೆ ಕತ್ಲಲ್ಲಿ ಸುಮ್ನೆ ಕೂತಿದ್ದೆ ಮಾರಾಯ್ತಿ. ಮದ್ವೆ ಆದ್ಮೇಲೆ ಇಷ್ಟು ನೆಮ್ಮದಿ ಸಿಕ್ಕಿರ್ಲಿಲ್ಲ," ಅಂದ. ಅವಳು ನಗಲಿಲ್ಲ.

ಮಾರ್ಚಿನಲ್ಲಿ ಬೇಸಿಗೆಯ ಸಮಯಕ್ಕೆಂದು ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋದಾಗ ಅವನು ಗೋಪುರ, ಒಲೆ, ಕಾರು ಎಲ್ಲವನ್ನೂ ಸರಿಮಾಡಿ ಪಂಪನ್ನು ಮರೆತಿದ್ದ. ಮೂರು ದಿನ ಪಂಪು ಒಂದು ಗಂಟೆ ಹಿಂದೆ ಓಡಿತು. ಏನೂ ಆಗಲಿಲ್ಲ. ಆದರೂ ಭಾನುವಾರದ ಊಟದ ಮೇಜಿನಲ್ಲಿ, ಅವನ ತಾಯಿಯ ಎದುರಿಗೇ, "ದೇವ್ರ ಗಡಿಯಾರ ನೆನಪಿತ್ತು, ಮಗಳದ್ದು ನೆನಪಾಗ್ಲಿಲ್ಲ," ಅಂದಿದ್ದಳು. ಮರುದಿನ ಫ್ರಿಜ್ಜಿನ ಬಾಗಿಲಿಗೆ ಅವಳ ದುಂಡು ಅಕ್ಷರದ ಚೀಟಿ ಬಂತು: ಪಂಪಿನ ಸೆಟ್ಟಿಂಗ್ ಅಮ್ಮ ಮಾತ್ರ ಮುಟ್ಟತಕ್ಕದ್ದು. ಊಟದ ಹೊತ್ತಿನ ಇನ್ಸುಲಿನ್ ಡೋಸು ಹಾಕುವುದೊಂದೇ ಇಥೆಲ್‌ನ ಪಾಲಿಗೆ ಉಳಿದಿತ್ತು.

ಈ ರಾತ್ರಿ ಎಂದಿನಂತೆ ನಡುರಾತ್ರಿಯ ಸಕ್ಕರೆ ನೋಡಿ, ಆಮೇಲೆ ಪಂಪಿನ ಗಡಿಯಾರಕ್ಕೆ ಕೈಹಾಕಿದ್ದಳು. ಹನ್ನೆರಡೂ ಇಪ್ಪತ್ತು, ಎಎಂ. ಹನ್ನೆರಡನ್ನು ಹನ್ನೊಂದು ಮಾಡಿದಳು. ಎಎಂ ಅನ್ನುವುದು ಬೇರೆಯೇ ಗುಂಡಿ. ಪಿಎಂ ಆಗಬೇಕಿದ್ದ ಅದು ಹಾಗೇ ಉಳಿಯಿತು. ಎರಡು ಸಲ ಪರೀಕ್ಷಿಸಿದ್ದಳು, ಎರಡು ಸಲವೂ ಅಂಕಿಯನ್ನಷ್ಟೇ. ಪಂಪಿಗೆ ಅದು ಹಾಡಹಗಲು. ಮಲಗಿದ ಮಗುವಿಗೆ ಅದು ಮಧ್ಯಾಹ್ನದ ಇನ್ಸುಲಿನ್ನನ್ನು, ರಾತ್ರಿಯದರ ಮೂರರಷ್ಟು, ಹನಿಹನಿಯಾಗಿ ಇಳಿಸುತ್ತಲೇ ಇತ್ತು.

ಹದಿನೈದು ನಿಮಿಷದ ಮೇಲೆ ಮೂರು ಪಾಯಿಂಟ್ ಒಂದು. ಇನ್ನೊಂದು ಪೊಟ್ಟಣ. ನಾಲ್ಕು ಪಾಯಿಂಟ್ ನಾಲ್ಕು. ಪಿಎಂ ಅನ್ನು ಎಎಂ ಮಾಡುವಾಗ ಮಾಬ್ಲಿಯ ಕಣ್ಣು ಅವಳ ಬೆರಳ ಮೇಲಿತ್ತು.

"ಮತ್ತೆ ಗಡಿಯಾರ ತಿರುಗಿಸ್ತಿದೀಯಾ ಅಮ್ಮ?"

"ಇಲ್ಲ. ಮಲ್ಕೋ."

ಬೆಳಿಗ್ಗೆ ಇಥೆಲ್ ಓಟ್ಸ್ ಗಂಜಿ ಕಲಕುತ್ತ, ಕಸದ ಬುಟ್ಟಿಯಲ್ಲಿ ಎರಡು ಪೊಟ್ಟಣ ಕಂಡು ಸೌಟು ನಿಲ್ಲಿಸಿದ. ಎಷ್ಟಕ್ಕಿಳಿದಿತ್ತು ಎಂದು ಕೇಳಿದ. ಅವಳು ಹೇಳಿದಳು. ಅವನು ಒಲೆ ಆರಿಸಿ, ಹಿಂದಿನ ರಾತ್ರಿ ತಾನು ಬಡಿಸಿದ ಪಾಸ್ತಾವನ್ನು, ಮಗು ತಟ್ಟೆಯಲ್ಲಿ ಬಿಟ್ಟಿದ್ದನ್ನು ಬಾಯಲ್ಲೇ ಲೆಕ್ಕಹಾಕಿದ.

"ನಾನೇ ಡೋಸು ಜಾಸ್ತಿ ಹಾಕ್ಬಿಟ್ನಾ?"

ಮೇಜಿನಾಚೆ ಮಾಬ್ಲಿ ತಾಯಿಯ ಮುಖ ನೋಡಿದಳು. ಮೆರೆರಿಡ್ ಬಾಯಿ ತೆರೆದಳು. ಹೇಳಬೇಕಾದ್ದು ಒಂದೇ ವಾಕ್ಯ. ಫ್ರಿಜ್ಜಿನ ಮೇಲಿನ ಚೀಟಿ ಅವನ ಭುಜದ ಹಿಂದೆ ಕಾಣುತ್ತಿತ್ತು.

"ಇರಬಹುದು," ಅಂದಳು.

ಅವನು ತಲೆಯಾಡಿಸಿದ. "ಇನ್ಮೇಲೆ ಅದನ್ನೂ ನೀನೇ ನೋಡ್ಕೋ. ನನ್ ಕೈಲಿ ಬೇಡ."

ಗೋಪುರದ ಗಡಿಯಾರ ಎಂಟು ಹೊಡೆಯಿತು. ಮಾಬ್ಲಿ ಬೆರಳು ಮಡಿಸಿ ಎಣಿಸಿ, ಅಪ್ಪನದು ಸರಿಯಾಗಿದೆ ಅಂದಳು. ಅವನು ಬಾಗಿಲಿಗೆ ಬೆನ್ನುಹಾಕಿ ಬಟ್ಟಲು ತೊಳೆಯುತ್ತಿದ್ದ.

ಪಂಪು ಒಳಗೊಳಗೇ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ಡಿಸೆಂಬರಿನ ತಪಾಸಣೆಯಲ್ಲಿ ಆಸ್ಪತ್ರೆಯ ನರ್ಸು ಅದನ್ನು ತೆರೆದು ಓದುತ್ತಾಳೆ, ಕೇಳಿಯೂ ಕೇಳುತ್ತಾಳೆ. ಆಗಲೂ ಹೇಳಬಾರದು ಎಂದು ಮೆರೆರಿಡ್ ನಿರ್ಧರಿಸಿದಳು. ಯಾರಿಗೂ. ಎರಡು ಪೊಟ್ಟಣಗಳನ್ನೂ ಚಪ್ಪಟೆಯಾಗಿ ಮಡಚಿ, ಬುಟ್ಟಿಯ ತಳಕ್ಕೆ, ಚಹಾದ ಚರಟದ ಅಡಿಗೆ ಒತ್ತಿದಳು.